ಹೆದ್ದಾರಿ ಬೇಡ, ಕಾಲೇಜಿನ ಅಂಗಳ ಸಾಕು

ಕಾಲೇಜು ತಂಡಗಳ ಸ್ಪರ್ಧೆಗೆಂದು ರೇಸ್ ಕಾರು ಕಟ್ಟುತ್ತಿರುವ ಮಕ್ಕಳೇ, ನಿಮ್ಮ ಎಂಜಿನ್ನು ಮೊದಲ ಸಲ ಗುಡುಗಿದ ರಾತ್ರಿ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತೀರಿ, ವಿಡಿಯೊ ತೆಗೆದು ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕಳಿಸುತ್ತೀರಿ. ಖಂಡಿತ ಕಳಿಸಿ. ಆದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಿಜವಾದ ಕಲಿಕೆ ಆ ರಾತ್ರಿಯ ನಂತರ ಇದೆ. ಅದಕ್ಕೆ ತಿಂಗಳುಗಳನ್ನು ಉಳಿಸಿಟ್ಟುಕೊಳ್ಳಿ ಎಂದು ಹೇಳಲಿಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸೂರತ್ತಿನ ಎಂಜಿನಿಯರಿಂಗ್ ಕಾಲೇಜು ಎಸ್‌ವಿಎನ್‌ಐಟಿಯಲ್ಲಿ ಅರ್ಧದಷ್ಟು ಸೀಟು ಹೊರರಾಜ್ಯದವರಿಗೆ ಮೀಸಲು. ಹಾಗಾಗಿ ಕರ್ನಾಟಕದಿಂದಲೂ ಮಕ್ಕಳು ಬರುತ್ತಾರೆ. ವಡೋದರಾ, ಅಹಮದಾಬಾದಿನ ಕಾಲೇಜುಗಳಲ್ಲಿ ಗುಜರಾತಿನಲ್ಲೇ ಹುಟ್ಟಿ ಬೆಳೆದ ಕನ್ನಡ ಮನೆಗಳ ಮಕ್ಕಳಿದ್ದಾರೆ. ವಡೋದರಾದ ಮಕರ್‌ಪುರಾ ಜಿಐಡಿಸಿ ಕೈಗಾರಿಕಾ ಪ್ರದೇಶದ ಲೇತುಗಳ ನಡುವೆ ಬಹುಕಾಲ ದುಡಿದ ನನಗೆ, ಕೈಗೆ ಗ್ರೀಸು ಹತ್ತಿಸಿಕೊಂಡ ಹುಡುಗ ಹುಡುಗಿಯರನ್ನು ಕಂಡರೆ ಇಂದಿಗೂ ಜೀವ ಹಿಗ್ಗುತ್ತದೆ.

ನೀವಿರುವ ನೆಲಕ್ಕೆ ಬಿಡಿಭಾಗ ಜೋಡಿಸಿ ಕಾರು ಮಾಡುವುದು ಹೊಸದಲ್ಲ. ಹಿಂದೂಸ್ತಾನ್ ಮೋಟರ್ಸ್ 1942ರಲ್ಲಿ ಹುಟ್ಟಿದ್ದು ಸೌರಾಷ್ಟ್ರದ ಓಖಾ ಬಂದರಿನಲ್ಲಿ, ಕಾರು ಜೋಡಿಸುವ ಪುಟ್ಟ ಕಾರ್ಖಾನೆಯಾಗಿ. ಬಂಗಾಳದ ಉತ್ತರಪಾರಾಕ್ಕೆ ಅದು ಹೋದದ್ದು ಆಮೇಲೆ. ಅದೇ ಕಂಪನಿಯ ಅಂಬಾಸಿಡರ್‌ಗೆ ಕೊನೆಕೊನೆಗೆ ಹಾಕುತ್ತಿದ್ದ 1.8 ಲೀಟರ್ ಇಸುಜು ಎಂಜಿನ್ನನ್ನೇ ಅಲಿಬಾಗಿನ ಚಿಂಕಾರಾ ಮೋಟರ್ಸ್‌ನವರು ತಮ್ಮ ರೋಡ್‌ಸ್ಟರ್‌ಗೆ ಕೂರಿಸಿದರು. ಟ್ಯಾಕ್ಸಿ ಎಳೆಯುತ್ತಿದ್ದ ಎಂಜಿನ್ನು ಹಗುರವಾದ ಚೌಕಟ್ಟಿಗೆ ಬಂದಾಗ ಸ್ಪೋರ್ಟ್ಸ್ ಕಾರಿನದಾಯಿತು. ಆ ರೋಡ್‌ಸ್ಟರ್‌ನ ಮಾದರಿ ಇಂಗ್ಲೆಂಡಿನ ಕಾಲಿನ್ ಚಾಪ್ಮನ್ 1957ರಲ್ಲಿ ತಂದ ಲೋಟಸ್ ಸೆವೆನ್. ಅದನ್ನು ಬಿಡಿಭಾಗಗಳ ಕಿಟ್ ಆಗಿ ಕೊಂಡರೆ ಖರೀದಿ ತೆರಿಗೆ ಇರಲಿಲ್ಲ, ಆದರೆ ಜೋಡಿಸುವ ಸೂಚನೆ ಜೊತೆಗೆ ಕೊಡುವಂತಿರಲಿಲ್ಲ. ಲೋಟಸ್‌ನವರು ಬಿಚ್ಚುವ ಸೂಚನೆ ಕೊಟ್ಟರು. ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿ ಕಾರು ಕಟ್ಟಿದರು ಎನ್ನುತ್ತಾರೆ.

ಈ ಕತೆ ಕೇಳಿ ಸುಮ್ಮನಾಗಬೇಡಿ. ನಿಮ್ಮ ಕಾರಿಗೂ ಒಂದು ಬಿಚ್ಚುವ ಪುಸ್ತಕ ಬರೆಯಿರಿ. ಗೇರ್‌ಬಾಕ್ಸ್ ಹೊರತೆಗೆಯಲು ಮೊದಲು ಯಾವ ಬೋಲ್ಟು, ಯಾವ ಸ್ಪ್ಯಾನರು, ಎಷ್ಟು ನಿಮಿಷ ಎಂದು. ಬರೆಯಲು ಕೂತಾಗಲೇ ಗೊತ್ತಾಗುತ್ತದೆ, ಯಾವ ಬೋಲ್ಟಿಗೆ ಸ್ಪ್ಯಾನರ್ ಹೋಗುವ ಜಾಗವನ್ನೇ ಬಿಟ್ಟಿಲ್ಲವೆಂದು. ಕಂಪ್ಯೂಟರಿನ ಚಿತ್ರದಲ್ಲಿ ಅದು ಕಾಣುವುದಿಲ್ಲ, ಅಲ್ಲಿ ಕೈ ಇರುವುದಿಲ್ಲವಲ್ಲ.

ಚಾಸಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸಮತಟ್ಟಾದ ದಪ್ಪ ಉಕ್ಕಿನ ಮೇಜಿನ ಮೇಲೆ ಜಿಗ್ ಹಾಕಿ. ಎಲ್ಲ ಸಂದುಗಳಿಗೂ ಮೊದಲು ಟ್ಯಾಕ್ ಕೊಟ್ಟು, ಆಮೇಲೆ ಎಡಕ್ಕೊಂದು ಬಲಕ್ಕೊಂದು ಹಾರಿಸಿ ಹಾರಿಸಿ ಬೆಸುಗೆ ಎಳೆಯಿರಿ. ಒಂದೇ ಮೂಲೆಯಿಂದ ಹೊರಟು ಮುಗಿಸುತ್ತ ಹೋದರೆ ಕಾದ ಲೋಹ ತಣಿಯುವಾಗ ಸೆಳೆದು ಚೌಕಟ್ಟನ್ನೇ ತಿರುಚುತ್ತದೆ. ಚಾಲಕರ ತಲೆಯ ಹಿಂದಿನ ಮೇನ್ ಹೂಪ್‌ಗೆ ನಿಮ್ಮ ಸ್ಪರ್ಧೆಯ, ಅಂದರೆ ಫಾರ್ಮುಲಾ ಸ್ಟೂಡೆಂಟ್‌ನ, ನಿಯಮ ಕೇಳುವುದು 25 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ದಪ್ಪದ ಉಕ್ಕಿನ ಕೊಳವೆ. ತೂಕ ಇಳಿಸುವ ಹಟ ಬೇರೆಲ್ಲಾದರೂ ಇರಲಿ, ಅಲ್ಲಿ ಬೇಡ. ಸಸ್ಪೆನ್ಷನ್ನಿನ ಪ್ರತಿ ಬೋಲ್ಟನ್ನೂ ಬ್ರ್ಯಾಕೆಟ್ಟಿನ ಎರಡು ಕಿವಿಗಳು ಎರಡು ಕಡೆಯಿಂದ ಹಿಡಿದಿರಬೇಕು. ಒಂದೇ ಕಡೆ ಆಸರೆಯಿರುವ ಬೋಲ್ಟು ಬಾಗಿ ಬಾಗಿ ದಣಿದು ಒಂದು ದಿನ ಮುರಿಯುತ್ತದೆ. ಅಲ್ಲಿಂದ ಬಿಚ್ಚಿದ ನೈಲಾಕ್ ನಟ್ಟನ್ನು ಮತ್ತೆ ಹಾಕಬೇಡಿ, ಹೊಸದು ಹಾಕಿ. ಟಾರ್ಕ್ ರೆಂಚಿನಲ್ಲಿ ಬಿಗಿದ ಮೇಲೆ ನಟ್ಟಿನಿಂದ ಬ್ರ್ಯಾಕೆಟ್ಟಿನವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಕದಲಿದ್ದರೆ ನಟ್ಟು ತಿರುಗಿದೆ ಎಂದರ್ಥ. ಕಾರು ಹೊರಡುವ ಮುನ್ನ ಆ ಗೆರೆಗಳನ್ನು ನೋಡುವ ಕೆಲಸ ಒಬ್ಬರದೇ ಆಗಿರಲಿ, ಆ ದಿನ ಅವರು ಕಾರು ಓಡಿಸಬಾರದು.

ಇನ್ನೊಂದು, ಗುಜರಾತಿನ ಪಂಚಾಂಗ ಮರೆಯಬೇಡಿ. ದೀಪಾವಳಿಗೆ ಮುಚ್ಚಿದ ಅಂಗಡಿಗಳು ಲಾಭ ಪಂಚಮಿಯ ಮುಹೂರ್ತಕ್ಕೇ ತೆರೆಯುವುದು. ವಟವಾ, ಮಕರ್‌ಪುರಾ, ಉಧನಾದ ವರ್ಕ್‌ಶಾಪುಗಳಲ್ಲಿ ದೂರದ ಊರಿಗೆ ಹೋದ ಕೆಲಸಗಾರರು ಮರಳಲು ಇನ್ನೂ ತಡವಾಗಬಹುದು. ಹಬ್, ಅಪ್‌ರೈಟ್‌ಗಳ ಮಿಲ್ಲಿಂಗ್ ಕೆಲಸ ನವರಾತ್ರಿಗೆ ಮೊದಲೇ ಕೈಗೆ ಬಂದಿರಲಿ.

ಈಗ ಓಡಿಸುವ ಮಾತು. ಚೆನ್ನೈ, ಕೊಯಮತ್ತೂರಿನಲ್ಲಿರುವಂಥ ರೇಸ್ ಟ್ರ್ಯಾಕು ನಿಮ್ಮ ಹತ್ತಿರದಲ್ಲಿಲ್ಲ. ಮಧ್ಯಪ್ರದೇಶದ ಪೀಥಂಪುರದ ನ್ಯಾಟ್ರ್ಯಾಕ್ಸ್‌ನಲ್ಲಿ 11.3 ಕಿ.ಮೀ. ಉದ್ದದ ಹೈಸ್ಪೀಡ್ ಟ್ರ್ಯಾಕಿದೆ, ಆದರೆ ದಿನವೂ ಅಲ್ಲಿಗೆ ಹೋಗಲಾದೀತೇ? ಟ್ರ್ಯಾಕಿಲ್ಲದೆ ಪರೀಕ್ಷೆ ಹೇಗೆ ಎಂದು ಕೊರಗುವ ಮಕ್ಕಳಿಗೆ ನಾನು ಒಂದು ಲೆಕ್ಕ ಮಾಡಲು ಹೇಳುತ್ತೇನೆ. ಸ್ಪರ್ಧೆಯ ಸ್ಕಿಡ್‌ಪ್ಯಾಡ್ ಎಂದರೆ ಒಳವ್ಯಾಸ 15.25 ಮೀಟರ್, ದಾರಿಯ ಅಗಲ 3 ಮೀಟರ್ ಇರುವ ವೃತ್ತ. ಕಾರಿನ ನಡುಭಾಗ ಸುಮಾರು 9 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ 6 ಸೆಕೆಂಡು ತೆಗೆದುಕೊಂಡರೆ ವೇಗ ಗಂಟೆಗೆ 34 ಕಿ.ಮೀ. ಮಾತ್ರ. ಆದರೆ ಆಗ ಟೈರುಗಳು ಅಡ್ಡಕ್ಕೆ ಹೊರುತ್ತಿರುವ ಬಲ ಕಾರಿನ ಇಡೀ ತೂಕದಷ್ಟು! 5.5 ಸೆಕೆಂಡಿಗೆ ಇಳಿಸಿದರೆ ವೇಗ ಏರುವುದು ಮೂರೇ ಕಿಲೋಮೀಟರು, ಬಲ ತೂಕದ 1.2 ಪಟ್ಟಾಗುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಬಲ ಏರುವುದರಿಂದ ಹೀಗೆ.

ಅಂದರೆ ನಿಮ್ಮ ಕಾರಿನ ಗುಣ ಅವಗುಣಗಳನ್ನೆಲ್ಲ ಹೊರಗೆಳೆಯಲು, ಪ್ರಾಂಶುಪಾಲರ ಅನುಮತಿ ಪಡೆದ ಒಂದು ವಿಶಾಲ ಪಾರ್ಕಿಂಗ್ ಅಂಗಳ, ಕಿತ್ತಳೆ ಬಣ್ಣದ ಕೋನುಗಳು, ಒಂದು ಸ್ಟಾಪ್‌ವಾಚು ಸಾಕು. ಮೂತಿ ಹೊರಕ್ಕೆ ಜಾರಿತೇ, ಬಾಲ ಜಾರಿತೇ ಎಂದು ಚಾಲಕರು ಇಳಿದ ತಕ್ಷಣ, ಬೇರೆಯವರ ಮಾತು ಕಿವಿಗೆ ಬೀಳುವ ಮೊದಲೇ ಬರೆದಿಡಲಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಟೈರಿನ ಗಾಳಿ ಬದಲಿಸಿದ ದಿನ ಚಕ್ರಗಳ ಟೋ ಕೋನ ಮುಟ್ಟಬೇಡಿ. ಬೆಳಗಿನ ತಂಪಿನಲ್ಲಿ ತುಂಬಿದ ಗಾಳಿಯ ಒತ್ತಡ ಅಹಮದಾಬಾದಿನ ಮೇ ತಿಂಗಳ ಮಧ್ಯಾಹ್ನ ಎಷ್ಟಾಯಿತು ಎಂಬುದನ್ನೂ ಬರೆಯಿರಿ. ಬೇಸರ ತರಿಸುವ ಕೆಲಸ ಇದು, ನಿಜ. ಎದುರಾಳಿಗಳಲ್ಲಿ ಹೆಚ್ಚಿನವರು ಇದನ್ನು ಮಾಡದಿರುವುದೂ ಅದಕ್ಕೇ.

ಬ್ರೇಕಿನ ಮಾತು ಚಿಕ್ಕದು. ಮುಂದಕ್ಕೊಂದು, ಹಿಂದಕ್ಕೊಂದು, ಎರಡು ಪ್ರತ್ಯೇಕ ಹೈಡ್ರಾಲಿಕ್ ಸರ್ಕ್ಯೂಟ್ ಇರಲಿ. ಒತ್ತಿದಾಗ ನಾಲ್ಕೂ ಚಕ್ರ ಲಾಕ್ ಆಗಬೇಕು, ಕಾರು ನೇರ ನಿಲ್ಲಬೇಕು. ಡಾಟ್ 4 ಎಣ್ಣೆ ಗಾಳಿಯ ತೇವ ಹೀರುತ್ತದೆ. ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಇರಬೇಕಾದ ಅದರ ಕುದಿಬಿಂದು ತೇವ ಸೇರಿದಾಗ 155ರವರೆಗೂ ಇಳಿಯಬಹುದು. ಸೂರತ್ತಿನ ಮಳೆಗಾಲ ಕಳೆದ ಮೇಲೆ ಹಳೆಯ ಎಣ್ಣೆಯಲ್ಲಿ ಓಡಿಸಬೇಡಿ. ಸೀಟುಬೆಲ್ಟು ಬಿಚ್ಚಿ 5 ಸೆಕೆಂಡಿನಲ್ಲಿ ಹೊರಗೆ ಬರುವುದನ್ನು ಪ್ರತಿ ಚಾಲಕರೂ ಹೆಲ್ಮೆಟ್ಟು, ಸೂಟು ತೊಟ್ಟು ಅಭ್ಯಾಸ ಮಾಡಲಿ. ಬೆಂಕಿ ಆರಿಸುವ ಸಿಲಿಂಡರು ಹಿಡಿದವರು ಫೋನು ಹಿಡಿಯಬಾರದು.

ಮತ್ತೆ, ಯಾವ ಕಾರಣಕ್ಕೂ, ರಾತ್ರಿ ಎರಡು ಗಂಟೆಯಾದರೂ, ರಸ್ತೆ ಖಾಲಿ ಇದ್ದರೂ, ಈ ಕಾರನ್ನು ಸೂರತ್ತಿನ ಡುಮಸ್ ರಸ್ತೆಗೋ ಅಹಮದಾಬಾದಿನ ಎಸ್‌ಜಿ ಹೆದ್ದಾರಿಗೋ ಇಳಿಸಬೇಡಿ. ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಕಾನೂನಿಗಿಂತ ದೊಡ್ಡ ಕಾರಣ ಇನ್ನೊಂದಿದೆ. 2023ರ ಜುಲೈ 20ರ ನಸುಕಿಗೆ ಮುನ್ನ ಅಹಮದಾಬಾದಿನ ಇಸ್ಕಾನ್ ಮೇಲ್ಸೇತುವೆಯಲ್ಲಿ ಒಂದು ಅಪಘಾತವಾಗಿತ್ತು. ಸಹಾಯಕ್ಕೆ, ನೋಡಲಿಕ್ಕೆ ಎಂದು ಸೇರಿದ್ದ ಜನರ ಮೇಲೆ ಅತಿವೇಗದ ಜಾಗ್ವಾರ್ ಕಾರೊಂದು ನುಗ್ಗಿತು. ಒಂಬತ್ತು ಜನ ತೀರಿಕೊಂಡರು. ಕರ್ತವ್ಯದಲ್ಲಿದ್ದ ಪೊಲೀಸರೂ ಅವರಲ್ಲಿದ್ದರು, ನಿಮ್ಮ ವಯಸ್ಸಿನ ಹುಡುಗರೂ ಇದ್ದರು. ಅಂಥ ವೇಗ, ಗಂಟೆಗೆ 140 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 39 ಮೀಟರು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಒಳ್ಳೆಯ ಟೈರಿದ್ದರೂ ನಿಲ್ಲಲು ಮತ್ತೆ ನೂರು ಮೀಟರಿನ ಹತ್ತಿರ ಬೇಕು. ಇಷ್ಟಾಗಿ ಹೆದ್ದಾರಿಯ ನೇರ ಓಟದಿಂದ ಕಾರಿನ ಬಗ್ಗೆ ನಿಮಗೆ ತಿಳಿಯುವುದೇನು? ಅಂಗಳದ ವೃತ್ತ ತಿಳಿಸುವುದರ ಕಾಲು ಭಾಗವೂ ಇಲ್ಲ.

ಎಂಜಿನ್ನು ಚಿಕ್ಕದೆಂದು ಬೇಸರಪಡುವವರು ಎಸ್. ಕರಿವರ್ಧನ್ ಅವರ ಕೆಲಸ ಓದಿ. ಕೊಯಮತ್ತೂರಿನ ಈತ 1988ರಲ್ಲಿ ಮಾರುತಿ 800ರ 796 ಸಿಸಿ ಎಂಜಿನ್ನು ಹಾಕಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಕಾರು ಮಾಡಿದರು. ನಾರಾಯಣ್ ಕಾರ್ತಿಕೇಯನ್ ರೇಸಿಗೆ ಇಳಿದದ್ದು ಅದರಲ್ಲೇ. ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ರೇಸಿಗಿಳಿದ ಮೊದಲ ಭಾರತೀಯರಾದರು. ಕರಿವರ್ಧನ್ 1995ರಲ್ಲಿ ತೀರಿಕೊಂಡರು. ನೀವು ಫಾರ್ಮುಲಾ ಭಾರತ್ ಸ್ಪರ್ಧೆಗೆ ಹೋಗುವ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದು. ಅಲ್ಲಿ ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್‌ನಂಥ ಹಳೆಯ ತಂಡದ ಮಕ್ಕಳು ಸಿಕ್ಕರೆ ಕನ್ನಡದಲ್ಲೇ ಮಾತಾಡಿಸಿ, ಅವರ ಟೆಸ್ಟಿಂಗ್ ಪುಸ್ತಕ ಹೇಗಿದೆ ಎಂದು ಕೇಳಿ.

ಕಾರು ಅಲ್ಲಿಗೆ ಹೋಗುವುದು ಲಾರಿಯಲ್ಲಿ. ಅಹಮದಾಬಾದ್, ವಡೋದರಾ, ಸೂರತ್ ದಾಟಿದ 48ನೇ ರಾಷ್ಟ್ರೀಯ ಹೆದ್ದಾರಿ ಮುಂಬಯಿ, ಪುಣೆ ಕಳೆದು ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ ಹಾದು ಬೆಂಗಳೂರು ಮುಟ್ಟುತ್ತದೆ. ಕೊಯಮತ್ತೂರು ಅಲ್ಲಿಂದಲೂ ಮುಂದೆ. ಅಷ್ಟು ದೂರದ ಕುಲುಕಾಟ ನಿಮ್ಮ ಕಾರು ಕಂಡ ಎಲ್ಲ ಪರೀಕ್ಷೆಗಿಂತ ದೊಡ್ಡದು. ಕಾರನ್ನು ಲಾರಿಗೆ ಕಟ್ಟುವ ಪಟ್ಟಿಯನ್ನು ಚಾಸಿಗೆ ಬಿಗಿಯಿರಿ, ಸಸ್ಪೆನ್ಷನ್ ತೋಳುಗಳಿಗೆ ಕಟ್ಟಬೇಡಿ. ಬ್ಯಾಟರಿಯ ತಂತಿ ಬಿಚ್ಚಿಡಿ, ಪೆಟ್ರೋಲ್ ಖಾಲಿ ಮಾಡಿ. ಇಳಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಟಾರ್ಕ್ ರೆಂಚ್ ತೆಗೆದುಕೊಂಡು ಮುಂದಿನ ಎಡ ಚಕ್ರದಿಂದ ಶುರುಮಾಡಿ.