ಯುವಜನರು ಮತ್ತು ಅಂತರ್ಜಾಲದಲ್ಲಿ ಖಾಸಗಿತನದ ರಕ್ಷಣೆ

ಚೆನ್ನೈ ನಗರದ ವಡಪಳನಿ ಒಂದು ಕಾಲಕ್ಕೆ ದಕ್ಷಿಣ ಭಾರತದ ಚಿತ್ರೋದ್ಯಮದ ಪ್ರಮುಖ ನೆಲೆಯಾಗಿತ್ತು. ಅಲ್ಲಿನ ಎ.ವಿ.ಎಂ. ಮತ್ತು ವಿಜಯ-ವಾಹಿನಿ ಸ್ಟುಡಿಯೊಗಳಲ್ಲಿ ಅನೇಕ ಕನ್ನಡ ಚಿತ್ರಗಳೂ ಚಿತ್ರೀಕರಣಗೊಂಡವು. ಕ್ಯಾಮರಾದ ಮುಂದೆ ನಿಂತ ನಟನಿಗೆ ತನ್ನ ಚಿತ್ರವನ್ನು ಯಾರು, ಯಾವ ಉದ್ದೇಶಕ್ಕಾಗಿ ತೆಗೆಯುತ್ತಿದ್ದಾರೆಂಬುದು ತಿಳಿದಿರುತ್ತಿತ್ತು. ಇಂದು ಅದೇ ಬೀದಿಗಳಲ್ಲಿ ಸಂಚರಿಸುವ ಯುವಕ ಯುವತಿಯರ ಕೈಯಲ್ಲಿಯೇ ಕ್ಯಾಮರಾ ಇದೆ. ಆದರೆ ತಮ್ಮ ಚಿತ್ರ ಹಾಗೂ ಮಾಹಿತಿ ಯಾರನ್ನು ತಲುಪುತ್ತದೆಂಬುದರ ಅರಿವು ಎಲ್ಲರಿಗೂ ಇಲ್ಲ.

ಖಾಸಗಿತನದ ಎರಡು ಮುಖಗಳು

ಯುವಜನರಿಗೆ ಖಾಸಗಿತನದ ಪರಿವೆಯೇ ಇಲ್ಲವೆಂಬ ಆಕ್ಷೇಪ ಪೂರ್ಣವಾಗಿ ಸರಿಯಲ್ಲ. ಖಾತೆಯನ್ನು ಆಪ್ತರಿಗೆ ಮಾತ್ರ ತೆರೆದಿಡುವುದು, ಮಿತ್ರರಿಗಾಗಿ ಬೇರೊಂದು ಖಾತೆ ಹೊಂದುವುದು, 24 ಗಂಟೆಗಳಲ್ಲಿ ಮರೆಯಾಗುವ ಚಿತ್ರಗಳನ್ನು ಹಂಚುವುದು ಅವರು ಕಂಡುಕೊಂಡ ಉಪಾಯಗಳು. ಇವು ಪರಿಚಿತರ ಕಣ್ಣಿನಿಂದ ರಕ್ಷಣೆ ನೀಡಬಲ್ಲವು. ಆದರೆ ಸೇವೆ ಒದಗಿಸುವ ಸಂಸ್ಥೆಯು ಬಳಕೆದಾರನು ಏನನ್ನು, ಎಷ್ಟು ಹೊತ್ತು ನೋಡಿದನೆಂಬುದನ್ನು ದಾಖಲಿಸುವುದನ್ನು ಇವು ತಡೆಯಲಾರವು. ಮರೆಯಾದ ಚಿತ್ರದ ಪ್ರತಿಯನ್ನೂ ನೋಡಿದವರು ಉಳಿಸಿಕೊಳ್ಳಬಹುದು.

ಕಾನೂನಿನ ಆಸರೆ

ಖಾಸಗಿತನದ ಹಕ್ಕಿನ ಬೆಳವಣಿಗೆಯಲ್ಲಿ ತಮಿಳುನಾಡು, ಕರ್ನಾಟಕ ಎರಡಕ್ಕೂ ಸ್ಥಾನವಿದೆ. ಮದರಾಸಿನ 'ನಕ್ಕೀರನ್' ವಾರಪತ್ರಿಕೆಯು ಕೈದಿಯೊಬ್ಬನ ಆತ್ಮಕಥೆಯನ್ನು ಪ್ರಕಟಿಸಲು ಮುಂದಾದಾಗ ಉದ್ಭವಿಸಿದ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ತೀರ್ಪಿತ್ತು, ಈ ಹಕ್ಕು ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಅಡಕವಾಗಿದೆಯೆಂದು ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅಂತರ್ಜಾಲದಲ್ಲಿ ಮಕ್ಕಳು ಬಿಟ್ಟುಹೋಗುವ ಅಳಿಸಲಾಗದ ಹೆಜ್ಜೆಗುರುತುಗಳ ವಿಚಾರವೂ ಆ ತೀರ್ಪಿನಲ್ಲಿ ಚರ್ಚಿತವಾಗಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ಸಮ್ಮತಿಯನ್ನು ಅಗತ್ಯಗೊಳಿಸುತ್ತದೆ. ಮಕ್ಕಳ ವರ್ತನೆಯನ್ನು ಗಮನಿಸಿ ಅವರನ್ನೇ ಗುರಿಯಾಗಿಸಿದ ಜಾಹೀರಾತು ನೀಡುವುದನ್ನೂ ಅದು ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ವಿಧಿಸಲಾಗಿದೆ. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಗುಪ್ತಾಂಗಗಳ ಚಿತ್ರ ತೆಗೆಯುವುದು ಅಥವಾ ಹರಡುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಇ ಪ್ರಕರಣದಡಿ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ.

ಅನುಸರಿಸಬೇಕಾದ ಕ್ರಮಗಳು

1. ಮೊಬೈಲ್ ಆ್ಯಪ್ ಕೇಳುವ ಅನುಮತಿಗಳನ್ನು ಪರಿಶೀಲಿಸಬೇಕು. ಟಾರ್ಚಿನ ಆ್ಯಪ್‌ಗೆ ದೂರವಾಣಿ ಸಂಖ್ಯೆಗಳ ಪಟ್ಟಿ ಬೇಕಿಲ್ಲ.

2. ಪ್ರತಿ ಖಾತೆಗೂ ಪ್ರತ್ಯೇಕ ಪಾಸ್‌ವರ್ಡ್ ಹಾಗೂ ಎರಡು ಹಂತದ ದೃಢೀಕರಣ ಇರಬೇಕು. ಒ.ಟಿ.ಪಿ.ಯನ್ನು ಯಾರಿಗೂ ತಿಳಿಸಬಾರದು.

3. ಇರುವ ಸ್ಥಳವನ್ನು ಆ ಕ್ಷಣದಲ್ಲಿಯೇ ಪ್ರಕಟಿಸದಿರುವುದು ಲೇಸು.

4. ಇತರರ ಚಿತ್ರವನ್ನು ಹಂಚುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು. ಈ ನಿಯಮ ಪೋಷಕರಿಗೂ ಅನ್ವಯಿಸುತ್ತದೆ.

5. ಖಾಸಗಿ ಚಿತ್ರವನ್ನು ಮುಂದಿಟ್ಟು ಯಾರಾದರೂ ಬೆದರಿಸಿದಲ್ಲಿ ಹಣ ನೀಡದೆ, ಸಾಕ್ಷ್ಯಗಳನ್ನು ಉಳಿಸಿಕೊಂಡು, ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ದಾಖಲಿಸಬೇಕು. ಹಣದ ವಂಚನೆಯಾಗಿದ್ದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಮಕ್ಕಳಿಗಾಗಿ 1098 ಸಹಾಯವಾಣಿಯಿದೆ.

ಇಂತಹ ಸಂದರ್ಭದಲ್ಲಿ ಮನೆಯವರ ಗದರಿಕೆಗೆ ಅಂಜಿ ಮಕ್ಕಳು ಮೌನವಹಿಸಿದರೆ ಅಪರಾಧಿಗೆ ಅದೇ ಬಲವಾಗುತ್ತದೆ. ಆದುದರಿಂದ, ತಪ್ಪಾದಾಗಲೂ ನಿರ್ಭಯವಾಗಿ ಹೇಳಿಕೊಳ್ಳಬಹುದೆಂಬ ಭರವಸೆಯನ್ನು ಪೋಷಕರು ಮೊದಲೇ ನೀಡಿರಬೇಕು.