ಇಂಗ್ಲಿಷ್: ಕಣ್ಣಿಗೂ ಅಭ್ಯಾಸ, ಕಿವಿಗೂ ಅಭ್ಯಾಸ

ದ್ವಿತೀಯ ಪಿಯುಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಓದಿ ಉತ್ತರಿಸಲು ಕೊಡುವ ಗದ್ಯಭಾಗ ಪಠ್ಯಪುಸ್ತಕದ್ದಲ್ಲ. ಗೈಡ್ ಬಾಯಿಪಾಠ ಮಾಡಿದವರು ತಡವರಿಸುವುದು ಇಲ್ಲೇ. ಹತ್ತನೆಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಕಲಿತವರಿಗೆ ಭಯ ಇನ್ನೂ ಹೆಚ್ಚು. ಮೊದಲು ಪ್ರಶ್ನೆಗಳನ್ನು ಓದಿ, ಆಮೇಲೆ ಗದ್ಯಭಾಗಕ್ಕೆ ಬನ್ನಿ. 'ಬಟ್', 'ಹೌಎವರ್', 'ಆಲ್ದೋ' ಕಂಡಲ್ಲಿ ಗೆರೆ ಎಳೆಯಿರಿ. ಮಾತು ತಿರುಗುವುದು ಅಲ್ಲಿಯೇ. ಗೊತ್ತಿಲ್ಲದ ಪದ ಹಿಡಿದು ಕೂರಬೇಡಿ, ಅಕ್ಕಪಕ್ಕದ ವಾಕ್ಯಗಳಲ್ಲಿ ಅದರ ಸುಳಿವು ಇರುತ್ತದೆ.

ಕೇಳುವುದು ಇದಕ್ಕಿಂತ ಕಷ್ಟ. ಕನ್ನಡದಲ್ಲಿ ಬರೆದದ್ದೆಲ್ಲ ಹೆಚ್ಚುಕಡಿಮೆ ಕೇಳಿಸುತ್ತದೆ. ಇಂಗ್ಲಿಷ್‌ನಲ್ಲಿ ಒತ್ತು ಬೀಳದ ಪದಗಳು ಸವೆದುಹೋಗುತ್ತವೆ. 'ಐ ಕ್ಯಾನ್ ಕಮ್' ಎಂಬುದು 'ಐ ಕನ್ ಕಮ್' ಎಂದು ಕೇಳಿಸುತ್ತದೆ. ಅದೇ ಪದ ಗಟ್ಟಿಯಾಗಿ ಬಂದರೆ ಬಹುಪಾಲು 'ಕಾಂಟ್', ಅರ್ಥವೇ ತಲೆಕೆಳಗು! 'ಫಿಫ್ಟೀನ್'ನಲ್ಲಿ ಒತ್ತು ಕೊನೆಗೆ, 'ಫಿಫ್ಟಿ'ಯಲ್ಲಿ ಮೊದಲಿಗೆ. 15 ಮತ್ತು 50ನ್ನು ಕಿವಿ ಬೇರ್ಪಡಿಸುವುದು ಹೆಚ್ಚಾಗಿ ಹೀಗೆಯೇ.

ಬಿಬಿಸಿಯ '6 ಮಿನಿಟ್ ಇಂಗ್ಲಿಷ್' ಉಚಿತ, ಅದರ ಬರಹರೂಪವೂ ಸಿಗುತ್ತದೆ. ಮೊದಲ ಸಲ ಬರಹ ನೋಡದೆ ಕೇಳಿ. ಎರಡನೇ ಸಲ ಒಂದು ನಿಮಿಷದಷ್ಟನ್ನು ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಿ, ನಂತರ ಬರಹದೊಡನೆ ಹೋಲಿಸಿ. (ಕನ್ನಡ ಸಬ್‌ಟೈಟಲ್ ಹಾಕಿ ಇಂಗ್ಲಿಷ್ ಸಿನಿಮಾ ನೋಡುವುದು ಈ ಲೆಕ್ಕಕ್ಕೆ ಬರುವುದಿಲ್ಲ.) ಕಿವಿಗೆ ಬೀಳದ ಪದಗಳನ್ನು ಗುರುತು ಹಾಕಿಟ್ಟು, ಮರುದಿನ ಅದೇ ಭಾಗವನ್ನು ಮತ್ತೊಮ್ಮೆ ಕೇಳಿ.