ಚಿಕ್ಕೋಡಿ ಸೀಮೆಯ ಕಂಪ್ಯೂಟರ್ ಹುಚ್ಚರಿಗೆ ಹನ್ನೊಂದು ಸೂತ್ರಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ: ಈ ಐದು ತಾಲ್ಲೂಕುಗಳಲ್ಲಿ ಕಂಪ್ಯೂಟರ್ ಹುಚ್ಚು ಹಿಡಿದ ಹುಡುಗ ಹುಡುಗಿಯರಿಗೆ ಬರವಿಲ್ಲ. ಆದರೆ ಪುಣೆಗೋ ಬೆಂಗಳೂರಿಗೋ ಹೋದಮೇಲೆಯೇ ನಿಜವಾದ ಕಲಿಕೆ ಶುರು ಎಂಬ ನಂಬಿಕೆ ಬೇರುಬಿಟ್ಟಿದೆ. ನಾನು ಇದನ್ನು ಒಪ್ಪುವುದಿಲ್ಲ. ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಲೋಕದಲ್ಲಿ ಯಾರೂ ನಿಮ್ಮ ಊರು ಕೇಳುವುದಿಲ್ಲ, ಮಾಡಿದ ಕೆಲಸ ತೋರಿಸಿ ಅನ್ನುತ್ತಾರೆ. ಊರಲ್ಲೇ ಕೂತು ಅಂಥ ಕೆಲಸ ಮಾಡಲು ಬೇಕಾದ ಸೂತ್ರಗಳು ಇಲ್ಲಿವೆ.

1. ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಪ್ರೊಸೆಸರ್ ಕೂಡ ಅದರ ಪಟ್ಟಿಯಲ್ಲಿರಬೇಕು. ‘ಇದು ಹಳೇದಾತ್ರಿ, ಹೊಸಾದು ತಗೋರಿ’ ಎನ್ನುವ ಮಾತಿಗೆ ತಲೆಯಾಡಿಸುವ ಮೊದಲು ಎರಡು ಕೆಲಸ ಮಾಡಿ. ತಿರುಗುವ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಬೂಟ್ ಮಾಡಿ. ವೈಫೈ, ಧ್ವನಿ, ಕ್ಯಾಮೆರಾ ನಡೆಯುತ್ತವೆಯೇ ಎಂದು ಇನ್‌ಸ್ಟಾಲ್ ಮಾಡದೆಯೇ ನೋಡಬಹುದು. ಹಿಡಿಸಿದರೆ ಫೋಟೊ, ದಾಖಲೆಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟು ಆಮೇಲೆ ಹಾಕಿ. 4 ಜಿಬಿ ರ‍್ಯಾಮ್ ಇರುವ ಯಂತ್ರವೂ ಕೋಡ್ ಕಲಿಯಲು ಸಾಕು.

2. ಕ್ರ್ಯಾಕ್ ಫೈಲ್ ಮುಟ್ಟಬೇಡಿ

‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂದು ಕ್ರ್ಯಾಕ್ ಫೈಲ್ ಏಕೆ ಕೇಳುತ್ತದೆ, ಯೋಚಿಸಿ. ಅದರ ಬೆನ್ನಿಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಬರುವುದು ಹೊಸದಲ್ಲ, ಅದೇ ಯಂತ್ರದಲ್ಲಿ ಅಪ್ಪನ ಬ್ಯಾಂಕ್ ಖಾತೆಯೂ ತೆರೆದಿರುತ್ತದೆ. ಅದರ ಬದಲು ಫೋಟೊಗೆ ಗಿಂಪ್, ಚಿತ್ರ ಬಿಡಿಸಲು ಕ್ರಿಟಾ, ಲೋಗೊ ಮತ್ತು ಬ್ಯಾನರ್‌ಗೆ ಇಂಕ್‌ಸ್ಕೇಪ್, ಪತ್ರ ಮತ್ತು ಲೆಕ್ಕಕ್ಕೆ ಲಿಬ್ರೆ ಆಫೀಸ್, 3ಡಿಗೆ ಬ್ಲೆಂಡರ್. ಎಲ್ಲವೂ ಉಚಿತ, ಎಲ್ಲವೂ ಕಾನೂನುಬದ್ಧ. ಬಿಟ್ಟಿ ಸಿಕ್ಕಿದ್ದರಲ್ಲಿ ಹುರುಳಿಲ್ಲ ಎನ್ನುವವರಿಗೆ ಹೇಳಿ: ಲಾಟ್ವಿಯಾ ನಿರ್ದೇಶಕನ ‘ಫ್ಲೋ’ ಚಿತ್ರ ಬ್ಲೆಂಡರ್‌ನಲ್ಲಿ ತಯಾರಾಗಿ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು.

3. ಯೂನಿಕೋಡ್‌ನಲ್ಲೇ ಟೈಪ್ ಮಾಡಿ

ಲಗ್ನಪತ್ರಿಕೆಯಿಂದ ಅರ್ಜಿಯವರೆಗೆ ಡಿಟಿಪಿ ಕೆಲಸದಲ್ಲಿ ಇನ್ನೂ ಹಳೇ ಫಾಂಟ್‌ಗಳ ಬಳಕೆ ನಿಂತಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆದದ್ದನ್ನು ಎಲ್ಲಿ ಬೇಕಾದರೂ ಓದಬಹುದು, ಹುಡುಕಬಹುದು. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಇದೆ. ಅದೇ ಪಟ್ಟಿಯಲ್ಲಿ ಮರಾಠಿಗೂ ಕಗಪ ವಿನ್ಯಾಸ ಸಿಗುತ್ತದೆ. ಒಮ್ಮೆ ಬೆರಳು ಪಳಗಿದರೆ ಎರಡೂ ಭಾಷೆ ಸರಾಗ. ಎರಡೂ ಬೇಕಾಗುವ ನಿಪ್ಪಾಣಿಯಲ್ಲಿ ಡಿಟಿಪಿ ಅಂಗಡಿ ಇಡುವವರಿಗೆ ಇದಕ್ಕಿಂತ ಉಪಯೋಗದ ಪಾಠ ಬೇಕಿಲ್ಲ.

4. ಎರಡು ಭಾಷೆಯೇ ನಿಮ್ಮ ಬಂಡವಾಳ

ಮುಕ್ತ ತಂತ್ರಾಂಶಕ್ಕೆ ಮೊದಲ ಕೊಡುಗೆ ಕೋಡ್ ಆಗಿಯೇ ಇರಬೇಕೆಂದಿಲ್ಲ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳ ಮೆನುಗಳನ್ನು ಕನ್ನಡಕ್ಕೂ ಮರಾಠಿಗೂ ತರುವವರು ಸ್ವಯಂಸೇವಕರೇ. ಅದಕ್ಕಿಂತ ಸುಲಭದ ಬಾಗಿಲು ಓಪನ್‌ಸ್ಟ್ರೀಟ್‌ಮ್ಯಾಪ್. ಯಾರು ಬೇಕಾದರೂ ತಿದ್ದಬಹುದಾದ ನಕಾಶೆ ಅದು, ಒಂದೇ ಊರಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಹೆಸರು ಬರೆಯಲು ಅಲ್ಲಿ ಜಾಗವಿದೆ. ಯಡೂರು, ಸದಲಗಾ, ಕುಡಚಿ, ಉಗಾರ ಖುರ್ದ ಸುತ್ತಲಿನ ತೋಟದ ವಸ್ತಿಗಳು, ಒಳದಾರಿಗಳು, ಬ್ಯಾರೇಜುಗಳು, ಶಾಲೆಗಳನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಯಾರು? 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಯಾವ ರಸ್ತೆ ಮುಳುಗುತ್ತದೆ, ಯಾವುದು ಉಳಿಯುತ್ತದೆ ಎಂಬ ತಿಳಿವಳಿಕೆಗೆ ಎಷ್ಟು ಬೆಲೆಯಿತ್ತೆಂದು ನದಿದಂಡೆಯವರಿಗೆ ಗೊತ್ತು. ಅದನ್ನು ನಕಾಶೆಗೆ ಏರಿಸುವುದೂ ತಾಂತ್ರಿಕ ಕೆಲಸವೇ.

5. ಗಿಟ್ ಕಲಿಯದೆ ಮುಂದೆ ಹೋಗಬೇಡಿ

1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆಂದು ಶುರುಮಾಡಿದ್ದು ಲಿನಕ್ಸ್. ಅದರ ಕೋಡ್ ನಿಭಾಯಿಸಲು ಅವರೇ 2005ರಲ್ಲಿ ಗಿಟ್ ಬರೆದರು. ಯಾರು, ಯಾವಾಗ, ಏನು ಬದಲಿಸಿದರು ಎಂಬ ಪೂರ್ತಿ ಲೆಕ್ಕ ಗಿಟ್‌ನಲ್ಲಿರುತ್ತದೆ. ನೆಟ್‌ವರ್ಕ್ ಇಲ್ಲದಾಗಲೂ ನಿಮ್ಮ ಯಂತ್ರದಲ್ಲೇ ಕೆಲಸ ಉಳಿಸಿಕೊಂಡು, ಸಿಕ್ಕಾಗ ಕಳಿಸಬಹುದು. ತೋಟದ ಮನೆಯಲ್ಲಿ ಕೂತು ಕಲಿಯುವವರಿಗೆ ಹೇಳಿ ಮಾಡಿಸಿದ ಸಾಧನ.

6. ಊರಿನ ಲೆಕ್ಕಕ್ಕೆ ಕೋಡ್ ಬರೆಯಿರಿ

ಕಾಲೇಜಿನಲ್ಲಿ ಎಲ್ಲರೂ ಮಾಡುವ ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್’ ನೋಡಿ ಸಂದರ್ಶಕರಿಗೂ ಆಕಳಿಕೆ ಬರುತ್ತದೆ. ನಿಮ್ಮ ಸುತ್ತ ಅದಕ್ಕಿಂತ ಗಟ್ಟಿ ಸಮಸ್ಯೆಗಳಿವೆ. ಕಬ್ಬಿನ ತೂಕ, ಟನ್ ದರ, ಕಟಾವು ಮತ್ತು ಸಾಗಣೆಯ ಕಡಿತ, ಬಂದ ಕಂತು, ಬಾಕಿ: ಇಷ್ಟನ್ನು ಮೊಬೈಲ್‌ನಲ್ಲಿ ಕನ್ನಡದಲ್ಲಿ ತೋರಿಸುವ ಚಿಕ್ಕ ಪ್ರೋಗ್ರಾಂ ಬರೆದು ಮೊದಲು ನಿಮ್ಮ ಮನೆಯ ಬಿಲ್ ಹಾಕಿ ನೋಡಿ. ಡೈರಿಯ ಫ್ಯಾಟ್ ಲೆಕ್ಕವಿದೆ, ಸ್ವಸಹಾಯ ಸಂಘದ ಸಾಲದ ವಹಿ ಇದೆ. ಅಥಣಿ ಕಡೆಯ ಕುಶಲಕರ್ಮಿಗಳು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಅಂಥದೇ ಚಪ್ಪಲಿ 2025ರಲ್ಲಿ ಪ್ರಾಡಾ ಕಂಪನಿಯ ಮಿಲಾನ್ ಪ್ರದರ್ಶನದಲ್ಲಿ ಕಾಣಿಸಿಕೊಂಡು ದೊಡ್ಡ ಸುದ್ದಿಯಾಯಿತು. ಅಳತೆ, ವಿನ್ಯಾಸ, ಬೆಲೆ ತೋರಿಸುವ ಸರಳ ವೆಬ್ ಕ್ಯಾಟಲಾಗ್ ಮಾಡಿಕೊಟ್ಟರೆ ಹೊಲಿಯುವವರಿಗೂ ಲಾಭ, ನಿಮಗೂ ತೋರಿಸಲು ಕೆಲಸ. ಕೋಡ್‌ಗೆ ಎಂಐಟಿ ಅಥವಾ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಹಚ್ಚಿ ಎಲ್ಲರಿಗೂ ಸಿಗುವಂತೆ ಇಡಿ.

7. ಆಡುವ ಕೈಯಿಂದ ಒಂದು ಆಟ ಕಟ್ಟಿ

ಗೇಮ್ ಎಂಜಿನ್‌ಗೆ ನನ್ನ ಮತ ಗೋಡೋಗೆ. 2014ರಿಂದ ಅದು ಎಂಐಟಿ ಲೈಸೆನ್ಸ್‌ನಡಿ ಮುಕ್ತವಾಗಿದೆ. ಯೂನಿಟಿ ಎಂಬ ಇನ್ನೊಂದು ಎಂಜಿನ್‌ನ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ಆಟ ಇನ್‌ಸ್ಟಾಲ್ ಆದ ಲೆಕ್ಕದಲ್ಲಿ ಶುಲ್ಕ ಕೇಳುವುದಾಗಿ ಘೋಷಿಸಿ, ಗದ್ದಲವಾದ ಮೇಲೆ ಮರುವರ್ಷ ಅದನ್ನು ಕೈಬಿಟ್ಟಿತು. ಬೇರೆಯವರ ಅಂಗಳದಲ್ಲಿ ಮನೆ ಕಟ್ಟಿದರೆ ಬಾಡಿಗೆ ಏರುವ ಭಯ ತಪ್ಪದು. ಮೊದಲ ಯತ್ನಕ್ಕೆ ಚೌಕಾಬಾರ ಸಾಕು: 25 ಮನೆ, ನಾಲ್ಕು ಕವಡೆ, ನಿಯಮ ಅಜ್ಜಿಯಿಂದಲೇ ಕೇಳಿಕೊಳ್ಳಬಹುದು. ದೊಡ್ಡ ಆಟ ನಮ್ಮ ದೇಶದಲ್ಲೆಲ್ಲಿ ಆದೀತು ಎನ್ನಬೇಡಿ. 2020ರಲ್ಲಿ ಬಂದ ‘ರಾಜಿ’ ತಯಾರಾದದ್ದು ನಿಮ್ಮ ಹೆದ್ದಾರಿಯ ಮೇಲಿರುವ ಪುಣೆಯಲ್ಲೇ.

8. ಪಣದ ಆಟ ಬಿಡಿ, ಕೌಶಲ ಹಿಡಿಯಿರಿ

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರತ್ಯೇಕ ಮಾನ್ಯತೆ ಕೊಟ್ಟಿತು. ನನಗಂತೂ ಖುಷಿ. ಆದರೆ ಇ-ಸ್ಪೋರ್ಟ್ಸ್ ಅಂದರೆ ಒಂದೇ ಆಟ ಎಂದುಕೊಳ್ಳಬೇಡಿ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು, 2021ರಲ್ಲಿ ಬಿಜಿಎಂಐ ಹೆಸರಿನಲ್ಲಿ ಬಂತು, 2022ರಲ್ಲಿ ಅದೂ ಮರೆಯಾಯಿತು, 2023ರಲ್ಲಿ ಮರಳಿತು. ಆಟ ಬಂದ್ ಆದರೂ ಉಳಿಯುವ ವಿದ್ಯೆ ಬೇಕು. ಒಬಿಎಸ್ ಸ್ಟುಡಿಯೋದಲ್ಲಿ ನೇರಪ್ರಸಾರ, ಕೆಡೆನ್‌ಲೈವ್‌ನಲ್ಲಿ ಎಡಿಟಿಂಗ್ ಕಲಿಯಿರಿ, ನಮ್ಮ ಕಡೆಯ ಜವಾರಿ ಕನ್ನಡದಲ್ಲೇ ಕಾಮೆಂಟರಿ ಹೇಳಿ.

9. ಸುದ್ದಿ ಓದಿ, ಕಿಸೆ ಬಿಚ್ಚಬೇಡಿ

ಜಿಟಿಎ 6 ಮೊದಲು 2025ಕ್ಕೆ ಎಂದರು, ಆಮೇಲೆ 2026ರ ಮೇ 26 ಎಂದರು, ನಂತರ ನವೆಂಬರ್ 19ಕ್ಕೆ ದೂಡಿದರು. ಬಾರದ ಆಟಕ್ಕಾಗಿ ಮೊದಲೇ ಸಾಲ ಮಾಡಿ ಗ್ರಾಫಿಕ್ಸ್ ಕಾರ್ಡ್ ತಂದವರು ಜಾಣರಲ್ಲ. ಆಟ ಬಂದು, ನಿಮ್ಮದರಂಥ ಯಂತ್ರದಲ್ಲಿ ಹೇಗೆ ಓಡುತ್ತದೆಂದು ನಾಲ್ಕು ಜನ ಹೇಳಲಿ. ಲಿನಕ್ಸ್ ಹಾಕಿದರೆ ಆಟ ಕೈತಪ್ಪುತ್ತದೆ ಎಂಬ ಚಿಂತೆಯೂ ಬೇಡ: ವಾಲ್ವ್ ಕಂಪನಿ 2018ರಲ್ಲಿ ತಂದ ಪ್ರೋಟಾನ್‌ನಿಂದ ವಿಂಡೋಸ್‌ನ ಬಹಳಷ್ಟು ಆಟಗಳು ಲಿನಕ್ಸ್‌ನಲ್ಲೂ ನಡೆಯುತ್ತವೆ. ವ್ಯಾಲೊರಂಟ್‌ನಂಥವು ಮಾತ್ರ ಆ್ಯಂಟಿ-ಚೀಟ್ ಕಾರಣಕ್ಕೆ ನಡೆಯುವುದಿಲ್ಲ. ವಿಂಡೋಸ್ ಅಳಿಸುವ ಮುನ್ನ ನಿಮ್ಮ ಆಟ ಪ್ರೋಟಾನ್‌ಡಿಬಿ ಪಟ್ಟಿಯಲ್ಲಿ ಹೇಗಿದೆ ನೋಡಿ.

10. ಅರ್ಧ ಸೆಕೆಂಡ್ ತಡವಾದರೂ ಏಕೆಂದು ಕೇಳಿ

2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಮ್ಮ ಯಂತ್ರದಲ್ಲಿ ಲಾಗಿನ್ ಅರ್ಧ ಸೆಕೆಂಡ್ ನಿಧಾನವಾದದ್ದನ್ನು ಗಮನಿಸಿ ಕೆದಕುತ್ತ ಹೋದರು. ಎಕ್ಸ್‌ಝಡ್ ಎಂಬ ಚಿಕ್ಕ ಸಾಧನದೊಳಗೆ ಯಾರೋ ವರ್ಷಗಟ್ಟಲೆ ವಿಶ್ವಾಸ ಗಳಿಸಿ ಇಟ್ಟಿದ್ದ ಕಳ್ಳಬಾಗಿಲು ಸಿಕ್ಕಿತು. ಕೋಡ್ ಮುಚ್ಚಿಟ್ಟಿದ್ದರೆ ಅಷ್ಟು ಕೆದಕಲು ಆಗುತ್ತಲೇ ಇರಲಿಲ್ಲ. ಎಕ್ಸ್‌ಝಡ್ ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದೆ ದುಡಿದು ದಣಿದಿದ್ದ ಒಬ್ಬ ವ್ಯಕ್ತಿ ಎಂಬುದೂ ನೆನಪಿರಲಿ. ಅಂಥವರಲ್ಲಿ ಸಹಾಯ ಕೇಳುವಾಗ ‘ವರ್ಕ್ ಆಗವಲ್ದು’ ಎಂದು ಬಿಡಬೇಡಿ. ಯಾವ ಆವೃತ್ತಿ, ಯಾವ ಎರರ್, ಏನೇನು ಮಾಡಿ ನೋಡಿದಿರಿ, ಎಲ್ಲವನ್ನೂ ಬರೆದು ವಿನಯದಿಂದ ಕೇಳಿ.

11. ಗುಂಪು ಕಟ್ಟಿ

ಚಿಕ್ಕೋಡಿಯ ಕೆಎಲ್‌ಇ, ನಿಪ್ಪಾಣಿಯ ವಿಎಸ್‌ಎಂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಿಮ್ಮಂಥವರು ಸಿಗುತ್ತಾರೆ. ಹಳ್ಳಿಯವರಿಗೆ ಕೂಡಿ ಕೂರಲು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವಿದೆ. ಮುಕ್ತ ತಂತ್ರಾಂಶದವರ ಫಾಸ್ ಯುನೈಟೆಡ್ ಸಂಸ್ಥೆ ಬೆಂಗಳೂರಿನಲ್ಲಿ ಇಂಡಿಯಾಫಾಸ್ ಸಮಾವೇಶ ನಡೆಸುತ್ತದೆ, ಒಮ್ಮೆ ಹೋಗಿ ಬನ್ನಿ. ಆದರೆ ವಾರದ ಕೂಟ ಊರಲ್ಲೇ ಆಗಲಿ. ಕನ್ನಡ, ಮರಾಠಿ, ಯಾವುದರಲ್ಲಾದರೂ ಮಾತಾಡಿ. ಭಾಷಣ, ಹಾರ, ಶಾಲು ಬೇಡ. ಒಂದು ಬಗ್ ಆರಿಸಿ, ಎಲ್ಲರೂ ಸೇರಿ ಅದರ ಬೆನ್ನು ಹತ್ತಿ, ರಿಪೋರ್ಟ್ ಕಳಿಸಿ, ಚಾ ಕುಡಿದು ಏಳಿ.